ಬೀಗದ ಕೈ ಯಾರಲ್ಲಿರಬೇಕು?

2025ನೆಯ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10 ಎಂಬ ತಮ್ಮ ಕಾರ್ಯಾಚರಣ ವ್ಯವಸ್ಥೆಗೆ ಸಾಮಾನ್ಯವಾಗಿ ಒದಗಿಸುತ್ತಿದ್ದ ಸುರಕ್ಷತಾ ಪರಿಷ್ಕರಣಗಳನ್ನು ನಿಲ್ಲಿಸಿದರು. ಅದರ ಮುಂದಿನ ವಿಂಡೋಸ್ 11 ಆದರೋ, 2017ಕ್ಕೆ ಹಿಂದಿನ ಬಹುಪಾಲು ಯಂತ್ರಗಳನ್ನು ಅಂಗೀಕರಿಸುವುದಿಲ್ಲ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಶಾಲೆಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಮನೆಗಳಲ್ಲಿ ಹಳೆಯ ಗಣಕಯಂತ್ರವನ್ನು ಇಟ್ಟುಕೊಂಡವರು ಇನ್ನು ಹೊಸದನ್ನು ಕೊಳ್ಳಲೇಬೇಕೆಂಬ ಭಾವನೆಯು ಹರಡಿದೆ. ಸವೆದ ನೇಗಿಲನ್ನು ಬದಲಿಸುವುದು ಸಹಜ. ಸವೆಯದ ನೇಗಿಲನ್ನು ಮಾರಿದವನ ಅಪ್ಪಣೆಯಂತೆ ಬಿಸುಡುವುದು ದಾಸ್ಯವೇ ಸರಿ.

ಬೇರೊಂದು ದಾರಿಯಿದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಸಾರಿದ ಗ್ನೂ ಯೋಜನೆಯೂ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ಆರಂಭಿಸಿದ ಲಿನಕ್ಸೂ ಕೂಡಿ ಬೆಳೆದ ವ್ಯವಸ್ಥೆಯನ್ನು ಯಾರೇ ಆಗಲಿ ಬಳಸಬಹುದು, ಪರೀಕ್ಷಿಸಬಹುದು, ತಿದ್ದಬಹುದು, ನೆರೆಯವನಿಗೆ ಹಂಚಬಹುದು. ಹಳೆಯ ಯಂತ್ರಗಳಲ್ಲಿಯೂ ಅದು ಚೆನ್ನಾಗಿ ನಡೆಯುತ್ತದೆ. 2024ರ ಫೆಬ್ರವರಿಯಲ್ಲಿ ಜಗತ್ತಿನ ಮೇಜುಗಣಕಗಳಲ್ಲಿ ಅದರ ಪಾಲು ಶೇಕಡಾ 4ನ್ನು ದಾಟಿತೆಂದು ಸ್ಟ್ಯಾಟ್‌ಕೌಂಟರಿನವರ ಎಣಿಕೆ. ಅಂಕೆ ಕಿರಿದು, ಆದರೆ ಅದು ಏರುತ್ತಿರುವುದು ಗಮನಾರ್ಹ.

ತೆರೆದ ವಿದ್ಯೆಯ ಬೆಲೆಯನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಯೋಲೆಗಳನ್ನು ಹಿರಿಯರು ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಿದರು. ಆದರೆ ಬಂದವರಿಗೆ ದೊರೆಯುತ್ತಿದ್ದುದು ಅವುಗಳ ದರ್ಶನ, ಅಧ್ಯಯನವಲ್ಲ. 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿದ ಮೇಲೆ ಅದರ ಪಾವಿತ್ರ್ಯವು ಕುಂದಲಿಲ್ಲ, ಓದುವವರು ಹೆಚ್ಚಿದರು.

ಬಂಟವಾಳದ ಗಡಿಗೆ ತಾಗಿದ ಕಾಸರಗೋಡನ್ನು ನೋಡಿರಿ. ಕೇರಳ ಸರಕಾರದವರು ತಮ್ಮ ಕೈಟ್ ಸಂಸ್ಥೆಯ ಮೂಲಕ ಶಾಲೆಗಳಿಗೆ ಲಿನಕ್ಸ್ ವ್ಯವಸ್ಥೆಯನ್ನು ಸಿದ್ಧಪಡಿಸಿಕೊಟ್ಟು, ಅಧ್ಯಾಪಕರಿಗೆ ಶಿಕ್ಷಣವನ್ನೂ ಕೊಟ್ಟಿದ್ದಾರೆ. ಅಲ್ಲಿಯ ಕನ್ನಡ ಶಾಲೆಯ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಸಾಧ್ಯವಾದುದು ಈಚೆಯವರಿಗೆ ಏಕೆ ಅಸಾಧ್ಯ?

ತೊಡಕುಗಳಿಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಕಚೇರಿಗಳಲ್ಲಿ ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತದಲ್ಲಿ ಬರೆದಿಟ್ಟ ಕಡತಗಳು, ಅದೇ ಅಕ್ಷರಮಾದರಿ ಇಲ್ಲದೆಡೆ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಲೆಕ್ಕಪತ್ರದ ಕೆಲವು ತಂತ್ರಾಂಶಗಳು ವಿಂಡೋಸಿಗೇ ಅಂಟಿಕೊಂಡಿವೆ. ಆದರೆ ಕಡತಗಳನ್ನು ಯುನಿಕೋಡಿಗೆ ಮಾರ್ಪಡಿಸುವುದು ಅಸಾಧ್ಯವಲ್ಲ. ಬೆರಳಚ್ಚುಗಾರರೂ ಹೊಸ ಪಾಠ ಕಲಿಯಬೇಕಾಗಿಲ್ಲ. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ಲಿನಕ್ಸಿನಲ್ಲಿಯೂ ದೊರೆಯುತ್ತದೆ.

ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡಬೇಕೆಂಬ ಧೋರಣೆಯನ್ನು ಕೇಂದ್ರ ಸರಕಾರವು 2015ರಲ್ಲಿಯೇ ಪ್ರಕಟಿಸಿದೆ. ಆದುದರಿಂದ ಜಿಲ್ಲೆಯ ಅಧಿಕಾರಿಗಳು ಹಳೆಯ ಯಂತ್ರಗಳನ್ನು ಹರಾಜಿಗೆ ಹಾಕುವ ಮುನ್ನ, ಈ ಮೂರು ತಾಲೂಕುಗಳಲ್ಲಿ ತಲಾ ಕೆಲವು ಶಾಲೆಗಳನ್ನಾದರೂ ಆರಿಸಿ ಈ ಪ್ರಯೋಗವನ್ನು ಮಾಡಲಿ. ಅಧ್ಯಾಪಕರಿಗೆ ಮೊದಲು ಶಿಕ್ಷಣ ಕೊಡಲಿ. ಕಡತಗಳ ಮಾರ್ಪಾಟನ್ನು ಕೂಡಲೇ ಕೈಗೊಳ್ಳಲಿ. ಖಾದಿಯ ಕಾಲದಲ್ಲಿ ನೂಲುವ ರಾಟೆ ಮನೆಯಲ್ಲಿರಬೇಕೆಂದೆವು. ಇಂದು ಕನ್ನಡದ ಕಡತಗಳೂ ಮಕ್ಕಳ ವಿದ್ಯೆಯೂ ಇರುವ ಪೆಟ್ಟಿಗೆಯ ಬೀಗದ ಕೈ ನಮ್ಮಲ್ಲಿಯೇ ಇರಬೇಕೆನ್ನುವುದು ಅತಿಯಾಸೆಯಲ್ಲ.