ಮಾಟ ಬೇರೆ, ಮಾಯೆ ಬೇರೆ

ಮಂತ್ರವಾದಿಗಳೂ ಮಾಟಗಾತಿಯರೂ ಬರುವ ಕಥೆಯನ್ನು ಕ್ರೈಸ್ತನಾದವನು ಓದಿ ಸಂತೋಷಪಡಬಹುದೆ? ಈ ಪ್ರಶ್ನೆ ಇಂಗ್ಲೆಂಡು ಅಮೆರಿಕಗಳಲ್ಲಿ ಕಳೆದ ಇಪ್ಪತ್ತೈದು ವರ್ಷಗಳಿಂದ ಬೂದಿ ಮುಚ್ಚಿದ ಕೆಂಡದಂತಿದೆ. ಗಾಳಿ ಬೀಸಿದಾಗಲೆಲ್ಲ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳುತ್ತದೆ ಎಂಬುದು ಬರಿಯ ಅಲಂಕಾರದ ಮಾತಲ್ಲ. 2001ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲಮಗಾರ್ಡೋ ಎಂಬ ಊರಿನಲ್ಲಿ ಒಂದು ಸಭೆಯವರು ಹ್ಯಾರಿ ಪಾಟರ್ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಜೆ. ಕೆ. ರೋಲಿಂಗ್ 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ಈ ಕಥೆ, ಅಮೆರಿಕದ ಗ್ರಂಥಾಲಯ ಸಂಘದ ಲೆಕ್ಕದಂತೆ, 2000ದಿಂದ 2009ರವರೆಗಿನ ದಶಕದಲ್ಲಿ ಎಲ್ಲಕ್ಕಿಂತ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಗ್ರಂಥಮಾಲೆ. 2019ರಲ್ಲಿ ನ್ಯಾಶ್‌ವಿಲ್ ನಗರದ ಒಂದು ಕ್ಯಾಥೊಲಿಕ್ ಶಾಲೆ ಅದನ್ನು ತನ್ನ ಗ್ರಂಥಭಂಡಾರದಿಂದ ತೆಗೆದುಹಾಕಿತು. ಅದರಲ್ಲಿರುವ ಮಂತ್ರಗಳು ನಿಜವಾದ ಮಂತ್ರಗಳು, ಓದಿದವರು ದುರಾತ್ಮಗಳನ್ನು ಬರಮಾಡಿಕೊಂಡಾರು ಎಂಬುದು ಅಲ್ಲಿನ ಪಾದ್ರಿಗಳು ಕೊಟ್ಟ ಕಾರಣ. ರೋಮಿನಲ್ಲಿಯೂ ಒಮ್ಮತ ಕಾಣಲಿಲ್ಲ. ಮುಂದೆ ಪೋಪ್ ಪದವಿಗೆ ಏರಿದ ಕಾರ್ಡಿನಲ್ ರಾಟ್ಸಿಂಗರ್ 2003ರಲ್ಲಿ ಒಂದು ಪತ್ರದಲ್ಲಿ ಈ ಪುಸ್ತಕಗಳ ಬಗೆಗೆ ಆತಂಕ ತೋರಿಸಿದರು. 2009ರಲ್ಲಿ ವ್ಯಾಟಿಕನ್ನಿನ ಪತ್ರಿಕೆಯೇ ಈ ಕಥೆಯ ಆರನೆಯ ಚಲನಚಿತ್ರವನ್ನು ಮೆಚ್ಚಿ ಬರೆಯಿತು.

ಎಲ್ಲೋ ಸಮುದ್ರದಾಚೆಯ ಜಗಳ, ನಮಗೇಕೆ ಎನ್ನುವವರುಂಟು. ನನಗೆ ಹಾಗೆನ್ನುವ ಸೌಕರ್ಯವಿಲ್ಲ. ನಾನು ಕ್ರೈಸ್ತ, ಹೊಟ್ಟೆಪಾಡಿಗೆ ಕನ್ನಡ ಪಾಠ ಹೇಳುವವನು. ಅದ್ಭುತವೆಂಬ ಕಾರಣಕ್ಕೇ ಒಂದು ಕೃತಿ ಕ್ರೈಸ್ತನಿಗೆ ವರ್ಜ್ಯವೆಂದಾದರೆ, ಪಂಪ ಜನ್ನ ಲಕ್ಷ್ಮೀಶರ ಪಾಠ ಹೇಳುವ ನಾನು ಭಾನುವಾರದ ಆರಾಧನೆಯನ್ನೋ ಸೋಮವಾರದ ತರಗತಿಯನ್ನೋ ಬಿಡಬೇಕಾಗುತ್ತದೆ. ಎರಡನ್ನೂ ಬಿಡುವ ಮನಸ್ಸು ನನಗಿಲ್ಲ. ಅಂಥ ಮನಸ್ಸು ನಮ್ಮ ಹಿರಿಯರಿಗೂ ಇರಲಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಪಾದ್ರಿಗಳೇ 'ಬಿಬ್ಲಿಯೋತೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದವರು. ಜೈಮಿನಿಯಲ್ಲಿ ಯಜ್ಞದ ಕುದುರೆ ಕೊಳದಲ್ಲಿ ಮುಳುಗಿ ಹೆಣ್ಣು ಕುದುರೆಯಾಗುತ್ತದೆ, ಮತ್ತೊಂದು ಕೊಳದಲ್ಲಿ ಹುಲಿಯಾಗುತ್ತದೆ. ಸುವಾರ್ತೆ ಸಾರಲು ಜರ್ಮನಿಯಿಂದ ಹಡಗು ಹತ್ತಿ ಬಂದ ಮನುಷ್ಯ ಇದನ್ನು ಓದಿ ಹೆದರಲಿಲ್ಲ. ಕರಡು ತಿದ್ದಲು ಕುಳಿತ.

ಇನ್ನು ಶಾಸ್ತ್ರಾಧಾರ. ಆಕ್ಷೇಪಿಸುವವರು ಮೊದಲು ಎತ್ತುವುದು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವನ್ನು. ಆ ನಿಷೇಧ ನಿಜ, ಕಠಿಣ, ಇಂದಿಗೂ ಸಲ್ಲುವಂಥದು; ಅದನ್ನು ಸಡಿಲಿಸಬೇಕೆಂದು ನಾನು ವಾದಿಸುತ್ತಿಲ್ಲ. ಆದರೆ ಅಲ್ಲಿ ನಿಷೇಧಿಸಿರುವುದು ಏನನ್ನು? ಮಕ್ಕಳನ್ನು ಬೆಂಕಿಗೆ ಕೊಡುವುದು, ಕಣಿ ಕೇಳುವುದು, ಶಕುನ ನೋಡುವುದು, ಮಾಟ ಮಾಡುವುದು, ಸತ್ತವರನ್ನು ವಿಚಾರಿಸುವುದು. ಎಲ್ಲವೂ ಮಾಡುವ ಕೆಲಸಗಳು. ದೇವರನ್ನು ಬಿಟ್ಟು ಬೇರೆ ಶಕ್ತಿಯನ್ನು ತನ್ನ ಕೈವಶ ಮಾಡಿಕೊಳ್ಳಹೊರಟವನ ಕೆಲಸಗಳು. ಕಥೆ ಹೇಳುವವನೂ ಕೇಳುವವನೂ ಆ ಪಟ್ಟಿಯಲ್ಲಿಲ್ಲ. ಇರುವುದು ಸಾಧ್ಯವೂ ಇಲ್ಲ. ಏಕೆಂದರೆ ಅದೇ ಶಾಸ್ತ್ರ ಸಮುವೇಲನ ಮೊದಲನೆಯ ಗ್ರಂಥದಲ್ಲಿ ಎಂದೋರಿನ ಮಾಟಗಾತಿಯ ಕಥೆಯನ್ನು ಎಷ್ಟು ವಿವರವಾಗಿ ಹೇಳುತ್ತದೆ! ವೇಷ ಮರೆಸಿಕೊಂಡು ರಾತ್ರಿಯಲ್ಲಿ ಬರುವ ಸೌಲ, ಮೇಲಂಗಿ ಹೊದ್ದು ನೆಲದಿಂದೇಳುವ ಮುದುಕ, ಕೊನೆಗೆ ಭಯದಿಂದಲೂ ಹಸಿವಿನಿಂದಲೂ ಕುಸಿದುಬಿದ್ದ ಅರಸನಿಗೆ ಆ ಹೆಂಗಸೇ ಮನೆಯ ಕೊಬ್ಬಿದ ಕರುವನ್ನು ಕೊಯ್ದು ಉಣಬಡಿಸುವುದು. ಮಾಟಗಾತಿಗೂ ಕರುಳಿದೆ ಎಂದು ತೋರಿಸುವ ಈ ಊಟದ ಸಂಗತಿಯನ್ನು ಬರೆದವನಿಗೆ ಕಥೆಯೆಂದರೆ ಏನೆಂಬುದು ಚೆನ್ನಾಗಿ ಗೊತ್ತಿತ್ತು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೋಥಾಮ ಬೆಟ್ಟದ ಮೇಲೆ ನಿಂತು ಹೇಳುವ ಕಥೆಯಲ್ಲಿ ಮರಗಳು ಮಾತಾಡುತ್ತವೆ, ತಮಗೊಬ್ಬ ಅರಸ ಬೇಕೆಂದು ಊರೂರು ಸುತ್ತುತ್ತವೆ. ಆ ಪುಟವನ್ನು ಏನು ಮಾಡೋಣ?

ಎಫೆಸದ ಉದಾಹರಣೆ ಸುಡುವವರಿಗೆ ಬಹಳ ಪ್ರಿಯ. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಐವತ್ತು ಸಾವಿರ ಬೆಳ್ಳಿ ನಾಣ್ಯ ಬೆಲೆಬಾಳುವ ಮಂತ್ರದ ಪುಸ್ತಕಗಳು ಸುಟ್ಟುಹೋದವಲ್ಲ ಎನ್ನುತ್ತಾರೆ. ಹೋದವು. ಆದರೆ ಅವು ಕಥೆಯ ಪುಸ್ತಕಗಳಲ್ಲ, ಕಸುಬಿನ ಪುಸ್ತಕಗಳು, ಸುಟ್ಟವರು ಆ ಕಸುಬು ಮಾಡುತ್ತಿದ್ದವರೇ, ಸುಟ್ಟದ್ದು ತಮ್ಮವನ್ನೇ. ನೆರೆಮನೆಯ ಹುಡುಗನ ಕಪಾಟಿಗೆ ಅವರು ಕೈಹಾಕಲಿಲ್ಲ.

ಈ ವಾದದ ಗೊಂದಲಕ್ಕೆ ಅರ್ಧ ಕಾರಣ ಇಂಗ್ಲಿಷ್ ಭಾಷೆ ಎಂದು ನನಗೆ ತೋರುತ್ತದೆ. ಅವರಿಗೆ ಎಲ್ಲಕ್ಕೂ 'ಮ್ಯಾಜಿಕ್' ಎಂಬ ಒಂದೇ ಮಾತು. ನಮ್ಮಲ್ಲಿ ಹಗೆಯ ಹೊಸ್ತಿಲಿಗೆ ನಿಂಬೆಹಣ್ಣು ಹಾಕುವವನದು ಮಾಟ, ಜಾತ್ರೆಯಲ್ಲಿ ಟೋಪಿಯಿಂದ ಪಾರಿವಾಳ ತೆಗೆಯುವವನದು ಕಣ್ಕಟ್ಟು, ಸಂತರದು ಪವಾಡ, ಕವಿಯದು ಮಾಯೆ. ಹಳ್ಳಿಯ ಅಜ್ಜಿಗೂ ಈ ವ್ಯತ್ಯಾಸ ತಿಳಿದಿದೆ. ಮಾಟಗಾರನ ಬೀದಿಯಲ್ಲಿ ನಡೆಯಲು ಹೆದರುವ ಆಕೆಯೇ ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಕಥೆಯನ್ನು ಮೊಮ್ಮಗನಿಗೆ ಧಾರಾಳವಾಗಿ ಹೇಳುತ್ತಾಳೆ. ಇಂಗ್ಲಿಷಿನಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದವರಲ್ಲಿ ಒಬ್ಬರು ಆಕ್ಸ್‌ಫರ್ಡಿನ ಭಾಷಾಶಾಸ್ತ್ರಜ್ಞ, ನಿಷ್ಠಾವಂತ ಕ್ಯಾಥೊಲಿಕ್, ಜೆ. ಆರ್. ಆರ್. ಟೋಲ್ಕಿನ್. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ 1939ರಲ್ಲಿ ಅದ್ಭುತಕಥೆಗಳನ್ನು ಕುರಿತು ಅವರು ಉಪನ್ಯಾಸ ಮಾಡಿದರು. 1947ರಲ್ಲಿ ಅದು ಪ್ರಬಂಧವಾಗಿ ಅಚ್ಚಾಯಿತು. ಕಥೆಗಾರನ ಮೋಡಿಯೇ ಬೇರೆ, ಮಂತ್ರಗಾರನ ವಿದ್ಯೆಯೇ ಬೇರೆ ಎಂಬುದು ಅಲ್ಲಿನ ಪ್ರತಿಪಾದನೆ. ಮೊದಲನೆಯದು ಒಂದು ಉಪಲೋಕವನ್ನು ಕಟ್ಟಿ ಕೇಳುಗನನ್ನು ಒಳಗೆ ಕರೆಯುತ್ತದೆ. ಎರಡನೆಯದು ಇರುವ ಲೋಕವನ್ನೇ ತಿರುಚಿ ತನ್ನ ಅಧಿಕಾರಕ್ಕೆ ಒಳಪಡಿಸಲು ಬಯಸುತ್ತದೆ.

ಅಧಿಕಾರದ ಈ ಬಯಕೆಯೇ ಧರ್ಮೋಪದೇಶಕಾಂಡ ಖಂಡಿಸುವ ಪಾಪ. ಟೋಲ್ಕಿನ್ನರ ಉಂಗುರದ ಕಥೆ, 1954-55ರಲ್ಲಿ ಬಂದದ್ದು, ಮೊದಲಿನಿಂದ ಕೊನೆಯವರೆಗೆ ಇದನ್ನೇ ಹೇಳುತ್ತದೆ. ಗ್ಯಾಂಡಾಲ್ಫ್ ಎಂಬ ಮಾಂತ್ರಿಕನಿಗೆ ಆ ಉಂಗುರವನ್ನು ಕೈಯಾರೆ ಕೊಡಲು ಬಂದಾಗ ಅವನು ಹೌಹಾರಿ ಬೇಡವೆನ್ನುತ್ತಾನೆ. ತಾನು ಕೆಟ್ಟವನೆಂದಲ್ಲ, ಕರುಣೆಯಿಂದ, ಒಳ್ಳೆಯದು ಮಾಡುವ ಆಸೆಯಿಂದಲೇ ತಾನು ಆ ಅಧಿಕಾರಕ್ಕೆ ಬಲಿಯಾಗುತ್ತೇನೆ ಎಂಬ ಅರಿವಿನಿಂದ. ಎಷ್ಟು ಧರ್ಮಪ್ರಸಂಗಗಳು ಈ ಸೂಕ್ಷ್ಮಕ್ಕೆ ಮುಟ್ಟುತ್ತವೆ?

ಅವರ ಗೆಳೆಯ ಸಿ. ಎಸ್. ಲೂಯಿಸರ ನಾರ್ನಿಯಾ ಕಥೆಗಳಲ್ಲಿ, ನನ್ನ ಲೆಕ್ಕದಲ್ಲಿ, ಇದಕ್ಕಿಂತ ಒಳ್ಳೆಯ ಉದಾಹರಣೆಯಿದೆ. 1952ರ ಸಂಪುಟದಲ್ಲಿ ಲೂಸಿ ಎಂಬ ಹುಡುಗಿ ದ್ವೀಪವೊಂದರ ಮಾಂತ್ರಿಕನ ಮನೆಯ ಮಹಡಿ ಹತ್ತಿ ಅವನ ಮಂತ್ರದ ಪುಸ್ತಕವನ್ನು ತಿರುವುತ್ತಾಳೆ. ಲೋಕೈಕಸುಂದರಿಯಾಗುವ ಮಂತ್ರ ಸಿಗುತ್ತದೆ, ಆಸೆಯಾಗುತ್ತದೆ, ಸಿಂಹದ ಮುಖ ಪುಟದಲ್ಲಿ ಕಾಣಿಸಿಕೊಂಡು ತಡೆಯುತ್ತದೆ. ಮುಂದಿನ ಪುಟದಲ್ಲಿ ಗೆಳತಿಯರು ತನ್ನ ಬಗೆಗೆ ಏನೆನ್ನುತ್ತಾರೆಂದು ಕದ್ದು ಕೇಳುವ ಮಂತ್ರ. ಒಂದನ್ನು ಬಿಟ್ಟೆನಲ್ಲ, ಇದೊಂದು ಇರಲಿ ಎಂದುಕೊಂಡು ಅದನ್ನು ಹೇಳಿಬಿಡುತ್ತಾಳೆ. ದೂರದ ರೈಲುಗಾಡಿಯಲ್ಲಿ ಕುಳಿತ ಗೆಳತಿ, ಬಲವುಳ್ಳ ಇನ್ನೊಬ್ಬಳ ಮುಲಾಜಿಗೆ ಬಿದ್ದು, ಲೂಸಿಯನ್ನು ಹಗುರಾಗಿ ಆಡಿದ್ದು ಕಿವಿಗೆ ಬೀಳುತ್ತದೆ. ಮಂತ್ರದಿಂದ ಕದ್ದು ಕೇಳಿದರೂ ಬಾಗಿಲ ಸಂದಿಯಿಂದ ಕದ್ದು ಕೇಳಿದರೂ ಅಪರಾಧ ಒಂದೇ ಎಂದು ಸಿಂಹ ಆಮೇಲೆ ತಿಳಿಸುತ್ತದೆ. ಗೆಳತಿಯ ಪ್ರೀತಿ ನಿಜವಾದದ್ದೇ, ಆದರೆ ಆ ಸ್ನೇಹ ಇನ್ನು ಮೊದಲಿನಂತಾಗದು. ಮಾಟ ಏಕೆ ಕೂಡದು ಎಂಬುದನ್ನು ಹತ್ತು ವರ್ಷದ ಮಗುವಿನ ಎದೆಗೆ ಇಳಿಯುವಂತೆ ಇದಕ್ಕಿಂತ ಚೆನ್ನಾಗಿ ಹೇಳಲು ಬಲ್ಲವರು ಮುಂದೆ ಬರಲಿ. ಈ ಪುಸ್ತಕವನ್ನು 'ಮಂತ್ರವಿದೆ' ಎಂಬ ಕಾರಣಕ್ಕೆ ಕಿತ್ತುಕೊಳ್ಳುವವನು ಕೊಲೆಯಿದೆಯೆಂದು ಕಾಯಿನನ ಕಥೆಯನ್ನು ಹರಿದುಹಾಕುವವನಿಗಿಂತ ಜಾಣನಲ್ಲ.

ಇಲ್ಲಿಗೆ ಬಂದಾಗ ಮಧ್ಯಸ್ಥರು ಕೆಲವರು ಎದ್ದುನಿಲ್ಲುತ್ತಾರೆ. ಲೂಯಿಸರು ಸರಿ, ಅದು ಕ್ರಿಸ್ತನ ರೂಪಕ. ಟೋಲ್ಕಿನ್ನರೂ ಸರಿ, ಭಕ್ತರು. ರೋಲಿಂಗ್ ಮಾತ್ರ ಬೇಡ ಎಂಬುದು ಇವರ ಸಂಧಾನ. ಸುಡುವವರಿಗಿಂತ ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಸುಡುವವನು ಪುಸ್ತಕಕ್ಕೆ ಹೆದರುತ್ತಾನೆ. ಇವರು ಅದರ ರುಜುಮಾರ್ಗ ಪತ್ರ ಕೇಳುತ್ತಾರೆ. ರೂಪಕವೆಂದು ಸಾಬೀತಾದರೆ ಮಾತ್ರ ಕಥೆಗೆ ರಹದಾರಿ ಕೊಡುವುದಾದರೆ ಕಥೆಯ ಆನಂದಕ್ಕೆ ಉಳಿಯುವುದೇನು? ರೂಪಕಕಥೆಯೆಂದರೆ ತಮಗಾಗದು ಎಂದು ಟೋಲ್ಕಿನ್ನರೇ ತಮ್ಮ ಗ್ರಂಥದ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಬರೆದಿದ್ದಾರೆ. ಗೆಳೆಯನ ನಾರ್ನಿಯಾ ಅವರಿಗೆ ರುಚಿಸಲೂ ಇಲ್ಲ. ರೋಲಿಂಗರ ವಿಷಯಕ್ಕೆ ಬಂದರೆ, ಅವರ ಗದ್ಯ ಟೋಲ್ಕಿನ್ನರ ಗದ್ಯದ ಹತ್ತಿರ ಸುಳಿಯದು. ಐದನೆಯ ಸಂಪುಟವನ್ನು ಅರ್ಧಕ್ಕೆ ಇಳಿಸಿದ್ದರೆ ನಷ್ಟವಿರಲಿಲ್ಲ. ಇವು ಸಾಹಿತ್ಯದ ಆಕ್ಷೇಪಣೆಗಳು, ಇವನ್ನು ಎತ್ತಲಿ. ಆದರೆ ಧರ್ಮದ ಆಕ್ಷೇಪಣೆ ಎಲ್ಲಿ ನಿಲ್ಲುತ್ತದೆ? ಆಕೆಯ ಮಂತ್ರಗಳು ಹೆಚ್ಚಾಗಿ ಅರೆಬೆಂದ ಲ್ಯಾಟಿನ್. ಯಾವ ಭೂತವನ್ನೂ ಅಲ್ಲಿ ಕರೆಯುವುದಿಲ್ಲ. ಹುಟ್ಟಿನಿಂದ ಆ ಶಕ್ತಿ ಬಾರದವನು ಕೋಲು ಬೀಸಿದರೆ ಕೈ ನೋಯುವುದಷ್ಟೆ ಫಲ. ಕಥೆಯ ದುಷ್ಟನು ಸಾವನ್ನು ಗೆಲ್ಲಲು ಕೊಲೆಮಾಡಿ ತನ್ನ ಆತ್ಮವನ್ನೇ ಹೋಳುಹೋಳಾಗಿಸಿಕೊಂಡವನು. ಅವನನ್ನು ಎದುರಿಸುವ ಹುಡುಗ ತನ್ನವರಿಗಾಗಿ ಬರಿಗೈಯಲ್ಲಿ ಸಾವಿನೆದುರಿಗೆ ನಡೆದುಹೋಗುತ್ತಾನೆ. ಕೊನೆಯ ಸಂಪುಟದ ಸ್ಮಶಾನದಲ್ಲಿ ಎರಡು ಸಮಾಧಿಗಳ ಮೇಲೆ ಎರಡು ವಾಕ್ಯಗಳಿವೆ: ಒಂದು ಮತ್ತಾಯನ ಸುವಾರ್ತೆಯದು, ಇನ್ನೊಂದು ಪೌಲನು ಕೊರಿಂಥದವರಿಗೆ ಬರೆದ ಪತ್ರದ್ದು. ಬೆಂಕಿಗೆ ಹಾಕುವವರು ಅಲ್ಲಿಯವರೆಗೆ ಓದುವ ತೊಂದರೆ ತೆಗೆದುಕೊಳ್ಳುವಂತೆ ಕಾಣುವುದಿಲ್ಲ.

ನನಗೆ ಗಟ್ಟಿಯೆನಿಸಿದ ಎದುರುವಾದ ಒಂದೇ. ಅದು ಬಂದದ್ದು ಅಮೆರಿಕದಿಂದಲ್ಲ, 1209ರ ಕನ್ನಡದಿಂದ. ಜನ್ನನ ಯಶೋಧರ ಚರಿತೆಯಲ್ಲಿ ತಾಯಿಯ ಬಲವಂತಕ್ಕೆ ಮಣಿದ ಅರಸ ಜೀವವಿರುವ ಕೋಳಿಯನ್ನು ಕಡಿಯಲಾರದೆ ಹಿಟ್ಟಿನ ಕೋಳಿಯನ್ನು ಮಾರಿಗೆ ಬಲಿಕೊಡುತ್ತಾನೆ. ಕಡಿದೊಡನೆ ಅದು ಕೂಗುತ್ತದೆ. ಆ ಒಂದು ಪಾಪಕ್ಕೆ ತಾಯಿಯೂ ಮಗನೂ ಎಷ್ಟೋ ಜನ್ಮ ಪ್ರಾಣಿಗಳಾಗಿ ತೊಳಲುತ್ತಾರೆ. ಸಂಕಲ್ಪದ ಹಿಂಸೆಯೂ ಹಿಂಸೆಯೇ. ಹಾಗಿದ್ದರೆ ಕಲ್ಪನೆಯ ಮಾಟವೂ ಮಾಟವಲ್ಲವೆ? ಹಿಟ್ಟಿನ ಕೋಳಿ ಪಾಪವಾದರೆ ಕಾಗದದ ಮಂತ್ರವಾದಿ ಹೇಗೆ ಪುಣ್ಯವಾದಾನು? ಯೇಸುವೂ ಮನಸ್ಸಿನ ವ್ಯಭಿಚಾರವನ್ನು ವ್ಯಭಿಚಾರವೆಂದೇ ಎಣಿಸಿದನಲ್ಲ?

ಈ ಮಾತಿಗೆ ಉತ್ತರ ಹೇಳಲೇಬೇಕು. ಅರಸನ ಪಾಪವಿದ್ದುದು ಹಿಟ್ಟಿನಲ್ಲಲ್ಲ. ಕತ್ತಿಯೆತ್ತಿದಾಗ ಅವನು ಕೊಲ್ಲುತ್ತಿದ್ದೇನೆಂದೇ ಎತ್ತಿದ, ಮಾರಿಯಿಂದ ಫಲ ಬಯಸಿ ಎತ್ತಿದ. ಕೋಳಿ ಹುಸಿ, ಬಲಿ ನಿಜ. ಓದುಗನಲ್ಲಿ ಇಂಥ ಸಂಕಲ್ಪವಿಲ್ಲ. ರಾವಣನ ಪಾಠ ಕೇಳಿದ ಹುಡುಗ ಸೀತೆಯನ್ನು ಕದಿಯುವ ಸಂಕಲ್ಪ ಮಾಡಿದವನಲ್ಲ. ನಮ್ಮ ಆಲಂಕಾರಿಕರು ರಸಾನುಭವ ಲೌಕಿಕವಲ್ಲವೆಂದದ್ದು ಇದಕ್ಕೇ. ಕಾವ್ಯದ ಭಯ ನಮ್ಮನ್ನು ಓಡಿಸುವುದಿಲ್ಲ, ಕೂರಿಸುತ್ತದೆ. ಅಷ್ಟೇಕೆ, ಆ ಹಿಟ್ಟಿನ ಕೋಳಿಯ ಕೂಗನ್ನು ಕೇಳಿಸಿ ನಮ್ಮ ಮೈ ನಡುಗಿಸಲು ಜೈನನಾದ ಜನ್ನನಿಗೂ ಮಾರಿಯ ಗುಡಿ ಬೇಕಾಯಿತು, ಕೂಗುವ ಹಿಟ್ಟು ಬೇಕಾಯಿತು. ಬಾಬಿಲೋನಿನಲ್ಲಿ ಸೆರೆಯಿದ್ದ ದಾನಿಯೇಲನಿಗೆ ಕಸ್ದೀಯರ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸಿದರು. ಅದು ಶಕುನ ಜ್ಯೋತಿಷ ಮಂತ್ರಗಳಿಂದ ತುಂಬಿದ ಜನಾಂಗದ ಸಾಹಿತ್ಯ. ಅವನು ಕಲಿತ. ಅರಸನ ಅಡಿಗೆಮನೆಯಿಂದ ಬಂದ ಊಟವನ್ನು ಮಾತ್ರ ಬೇಡವೆಂದ.

ಹಾಗೆಂದು ಎಲ್ಲರೂ ಎಲ್ಲವನ್ನೂ ಓದಲೇಬೇಕೆಂಬ ಕಟ್ಟಳೆ ಮಾಡಲು ನಾನು ಹೊರಟಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಊಟದ ಪ್ರಶ್ನೆ ಕೊರಿಂಥದಲ್ಲಿ ಎದ್ದಾಗ ಪೌಲನು ಎರಡೂ ಕಡೆಗೆ ನ್ಯಾಯ ದೊರಕಿಸಿದ. ವಿಗ್ರಹ ಬರಿಯ ಕಲ್ಲೆಂದು ತಿಳಿದವನು ಉಂಡರೆ ತಪ್ಪಿಲ್ಲ. ನಿನ್ನೆಯವರೆಗೆ ಅದನ್ನು ಪೂಜಿಸಿದ್ದವನ ಮನಸ್ಸಿಗೆ ಅದು ಮುಳ್ಳಾದರೆ ಅವನೆದುರು ಉಣ್ಣಬೇಡ. ನಮ್ಮ ಹಳ್ಳಿಗಳಲ್ಲಿ ಮಾಟಕ್ಕೆ ಹೆದರಿ ಹೊಲ ಮಾರಿಕೊಂಡವರಿದ್ದಾರೆ, ಮಂತ್ರವಾದಿಯ ಮನೆಯಲ್ಲೇ ಹುಟ್ಟಿ ಆಮೇಲೆ ಸಭೆಗೆ ಸೇರಿದವರಿದ್ದಾರೆ. ಅಂಥ ಹುಡುಗನೊಬ್ಬ ಬಂದು 'ಸಾರ್, ಈ ಪುಸ್ತಕ ನನಗೆ ಬೇಡ' ಎಂದರೆ ನಾನು ವಾದ ಮಾಡುವುದಿಲ್ಲ. ಬೇರೊಂದು ಪುಸ್ತಕ ಕೊಡುತ್ತೇನೆ. ಅದು ಅವನ ಮನಸ್ಸಾಕ್ಷಿ, ಅವನ ಹಕ್ಕು. ಆದರೆ ಆ ಹುಡುಗನ ಭಯವನ್ನು ಎರವಲು ಪಡೆದು, ತಮಗೆ ಯಾವ ಮಾಟವೂ ತಟ್ಟದ ಹಿರಿಯರು ಇಡೀ ಶಾಲೆಯ ಕಪಾಟಿಗೆ ಬೀಗ ಹಾಕಹೊರಟಾಗ ಕೀಲಿಕೈ ಕೊಡಲು ನಾನು ಸಿದ್ಧನಿಲ್ಲ.