ಫೈಲಿನಲ್ಲಿ ನನ್ನ ಹೆಸರು, ಆರೈಕೆ ಅತ್ತಿಗೆಯದು

ಹೈದರಾಬಾದಿನ ಆಸ್ಪತ್ರೆಗಳಲ್ಲಿ ವಾರ್ಡಿನ ಬಾಗಿಲಿಗೆ ಬಂದು ಸಿಸ್ಟರ್‌ಗಳು ದಿನಕ್ಕೆ ಹತ್ತಾರು ಸಲ ಕೂಗುವ ಮಾತೊಂದಿದೆ: ‘ಪೇಷಂಟ್ ತಾಲೂಕು ಎವರಂಡಿ?’ ತೆಲುಗಿನಲ್ಲಿ ತಾಲೂಕು ಎಂದರೆ ಸಂಬಂಧಪಟ್ಟವರು. ರೋಗಿಯ ಕಡೆಯವರು ಯಾರು ಅಂತ ಕೇಳುವುದು. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆದು ಇಲ್ಲಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದ ದಿನ ಈ ಪ್ರಶ್ನೆ ಕೇಳಿ ನಮ್ಮವ್ವ ಎದ್ದು ನಿಂತು, ‘ದೇವದುರ್ಗ ತಾಲೂಕು ರೀ, ರಾಯಚೂರು ಜಿಲ್ಲಾ’ ಎಂದಿದ್ದಳು. ಅಂಥ ಹೊತ್ತಿನಲ್ಲೂ ನಗು ಬಂತು. ಸಿಸ್ಟರ್ ನಗಲಿಲ್ಲ. ನನ್ನನ್ನು ನೋಡಿ, ‘ಸಾರ್, ಮೀರು ರಂಡಿ’ ಎಂದು ಒಳಗೆ ಕರೆದರು. ತೆಲುಗು, ಹಿಂದಿ, ಇಂಗ್ಲಿಷ್ ಬರುವವನು ನಾನೊಬ್ಬನೇ. ಹಾಗಾಗಿ ಅಪ್ಪನ ‘ತಾಲೂಕು’ ನಾನಾದೆ. ಆಮೇಲೆ ನಡೆದದ್ದಕ್ಕೆಲ್ಲ ಅಲ್ಲೇ ಬುನಾದಿ ಬಿತ್ತು.

ರಾಯಚೂರು, ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದ್. ಇಲ್ಲಿ ಕೆಲಸದಲ್ಲಿರುವ ನಿಮಗೂ ಊರಿನಿಂದ ಫೋನ್ ಬಂದಿರುತ್ತದೆ, ‘ಯಾವ ಡಾಕ್ಟ್ರು ಚಲೋ, ಬೆಡ್ ಸಿಗತೈತೇನು’ ಅಂತ. ನಾವು ಬೆಡ್ ಹುಡುಕುತ್ತೇವೆ, ಇನ್ಶೂರೆನ್ಸ್ ಡೆಸ್ಕಿನವರ ಜೊತೆ ಜಗಳ ಆಡುತ್ತೇವೆ, ರಿಪೋರ್ಟನ್ನು ವಾಟ್ಸಾಪಿನಲ್ಲಿ ನಾಲ್ಕು ಜನ ಡಾಕ್ಟರಿಗೆ ಕಳಿಸುತ್ತೇವೆ. ಇದೂ ಬೇಕಾದ ಕೆಲಸವೇ. ಆದರೆ ಇದು ಆರೈಕೆ ಅಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ಹುಣ್ಣು ಬೇಕಾಯಿತು.

ಅಪ್ಪ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದ. ಬಲಗೈ ಬಲಗಾಲು ಬಿದ್ದಿದ್ದವು, ನುಂಗಲು ಬರುತ್ತಿರಲಿಲ್ಲ. ಮೂಗಿನಲ್ಲಿ ರೈಲ್ಸ್ ಟ್ಯೂಬು, ಕೆಳಗೆ ಕ್ಯಾಥೆಟರ್. ಒಬ್ಬ ರೋಗಿಗೆ ಒಂದೇ ಅಟೆಂಡೆಂಟ್ ಪಾಸು. ರಾತ್ರಿ ಅವ್ವ, ಬೆಳಗಿನ ಹೊತ್ತು ಅತ್ತಿಗೆ, ಡಾಕ್ಟರ್ ರೌಂಡ್ಸಿಗೆ ಬರುವಾಗ ನಾನು. ಹೇಳುವವರು ಏನಾದರೂ ಹೇಳುವುದಿದ್ದರೆ ಅದು ರೌಂಡ್ಸಿನ ಹೊತ್ತಿಗೇ. ಅಂದರೆ ಟ್ಯೂಬಿನಲ್ಲಿ ಗಂಜಿ ಹಾಕುವುದು ಹೇಗೆ, ಹಾಕುವಾಗಲೂ ಹಾಕಿದ ಮೇಲೂ ತಲೆ ಎತ್ತರದಲ್ಲಿರಬೇಕು, ಯೂರಿನ್ ಬ್ಯಾಗ್ ಸೊಂಟಕ್ಕಿಂತ ಕೆಳಗೇ ತೂಗಬೇಕು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇವೆಲ್ಲ ನನಗೆ ಹೇಳಿದ್ದು. ನಾನು ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡೆ. ಆ ಹೊತ್ತಿನಲ್ಲಿ ಅವ್ವ ಮತ್ತು ಅತ್ತಿಗೆ ಕೆಳಗೆ ಪಾರ್ಕಿಂಗ್ ಪಕ್ಕದ ಗೋಡೆಗೆ ಒರಗಿ ಕೂತಿರುತ್ತಿದ್ದರು. ಡಿಸ್ಚಾರ್ಜ್ ದಿನದ ಪಾಠ ಹತ್ತು ನಿಮಿಷಕ್ಕೆ ಮುಗಿಯಿತು, ಬಿಲ್ಲಿಂಗಿಗೆ ನಾಲ್ಕು ತಾಸು ಹಿಡಿಯಿತು.

ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಒಬ್ಬ ಕೆಲಸ ಬಿಟ್ಟರೆ ಅವನ ಜಾಗಕ್ಕೆ ಬರುವವನಿಗೆ ವಾರಗಟ್ಟಲೆ ಕೆ.ಟಿ. ಕೊಡಿಸುತ್ತೇವೆ. ಹೊಸಬ ಕೂತು ಮಾಡಿ ತೋರಿಸಿದ ಮೇಲೇ ಹಳಬನಿಗೆ ಬಿಡುಗಡೆ. ಮ್ಯಾನೇಜರಿಗೆ ಕೆ.ಟಿ. ಕೊಟ್ಟು, ಕೋಡ್ ಬರೆಯುವವನಿಗೆ ‘ಅವರನ್ನು ಕೇಳಿಕೋ’ ಎಂದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅಪ್ಪನ ವಿಷಯದಲ್ಲಿ ಆದದ್ದು ಅದೇ. ನಾನು ಊರಲ್ಲಿ ಹತ್ತು ದಿನ ಇದ್ದು, ಹೇಳುವುದನ್ನೆಲ್ಲ ಹೇಳಿದೆ ಎಂದುಕೊಂಡು ವಾಪಸ್ ಬಂದೆ.

ಹೊರಳಿಸುವುದನ್ನು ಅವ್ವ ಕಲಿತದ್ದು ನನ್ನಿಂದ ಅಲ್ಲ, ನರ್ಸಿನಿಂದಲೂ ಅಲ್ಲ. ಪಕ್ಕದ ಬೆಡ್ಡಿನ ಬೀದರ್ ಕಡೆಯ ಹೆಣ್ಣುಮಗಳೊಬ್ಬಳು ಹಳೆ ಸೀರೆಯನ್ನು ಮಡಚಿ ಸೊಂಟದ ಅಡಿಗೆ ಅಡ್ಡ ಹಾಸಿ, ಅದರ ತುದಿ ಹಿಡಿದೆಳೆದು ಒಬ್ಬರೇ ಹೊರಳಿಸುವುದನ್ನು ತೋರಿಸಿಕೊಟ್ಟಿದ್ದಳಂತೆ. ಹೇಗೆ ಎಂಬುದು ಅವ್ವನಿಗೆ ಗೊತ್ತಾಯಿತು. ಎಷ್ಟು ಹೊತ್ತಿಗೊಮ್ಮೆ, ಯಾಕೆ ಎಂಬುದು ನನ್ನ ಮೊಬೈಲಿನಲ್ಲೇ ಉಳಿಯಿತು. ನಾನು ಹೇಳಿದ್ದೆ, ನಿಜ. ಆದರೆ ರಾತ್ರಿ ಗೊರಕೆ ಹೊಡೆಯುತ್ತಿರುವ ಮನುಷ್ಯನನ್ನು ಎಬ್ಬಿಸಿ ಹೊರಳಿಸುವುದು ಅವಳಿಗೆ ಪಾಪ ಅನಿಸಿತು. ಬೆನ್ನ ಕೆಳಗೆ ಚರ್ಮ ಕೆಂಪಾದದ್ದನ್ನು ಅತ್ತಿಗೆ ನೋಡಿದಳು. ಉಷ್ಣ ಆಗಿರಬೇಕು ಎಂದು ಇಬ್ಬರೂ ಸೇರಿ ಪೌಡರ್ ಹಾಕಿದರು. ಒತ್ತಿ ನೋಡಿದರೂ ಮಾಸದ ಕೆಂಪು ಹುಣ್ಣಿನ ಮೊದಲ ಹೆಜ್ಜೆ ಎಂದು ಅವರಿಬ್ಬರಿಗೆ ಯಾರೂ ತೋರಿಸಿರಲಿಲ್ಲ. ಮೂರನೇ ವಾರ ಚರ್ಮ ಕಿತ್ತುಬಂತು. ಆಮೇಲೆ ರಾಯಚೂರಿನಲ್ಲಿ ಎರಡು ತಿಂಗಳು ಡ್ರೆಸ್ಸಿಂಗ್.

ಫೋನಿನಲ್ಲಿ ನಾನು ಅವ್ವನ ಮೇಲೆ ರೇಗಿದೆ. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆದಿರಲಿ.

ಮನೆಯವರಿಗೆ ವಾರ್ಡಿನಲ್ಲೇ ಕಲಿಸಿ ಕಳಿಸುವ ಪದ್ಧತಿಯನ್ನು ವ್ಯವಸ್ಥಿತವಾಗಿ ಮಾಡಿ ನೋಡಿದ ಜಾಗಗಳಲ್ಲಿ ನಮ್ಮ ಕರ್ನಾಟಕವೂ ಒಂದು ಎಂಬುದು ನನಗೆ ತಿಳಿದದ್ದು ಇಷ್ಟೆಲ್ಲ ಆದ ಮೇಲೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತರಗತಿಯ ಯೋಜನೆಗೆಂದು ಭಾರತಕ್ಕೆ ಬಂದು, ನಾರಾಯಣ ಹೃದಯಾಲಯದ ಆಸ್ಪತ್ರೆಗಳ ಕಾರಿಡಾರಿನಲ್ಲಿ ಏನೂ ತಿಳಿಯದೆ ಕಾಯುತ್ತ ಕೂತ ಮನೆಯವರನ್ನು ಕಂಡರು. ಅದರಿಂದ ಹುಟ್ಟಿದ್ದು ನೂರಾ ಹೆಲ್ತ್ ಎಂಬ ಸಂಸ್ಥೆ, ಅದರ ಕೇರ್ ಕಂಪ್ಯಾನಿಯನ್ ಕಾರ್ಯಕ್ರಮ. ನರ್ಸುಗಳೇ ವಾರ್ಡಿನಲ್ಲಿ ಮನೆಯವರನ್ನು ಕೂರಿಸಿಕೊಂಡು, ಅವರ ಭಾಷೆಯಲ್ಲೇ ವಿಡಿಯೊ ತೋರಿಸಿ, ಗಾಯದ ಆರೈಕೆ, ಮಾತ್ರೆ, ವ್ಯಾಯಾಮ, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂಬುದನ್ನು ಕಲಿಸುತ್ತಾರೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ, ಬೇರೆ ರಾಜ್ಯಗಳಿಗೂ ಅದು ಹೋಯಿತು. ಯಂತ್ರ ಬೇಡ, ಕಟ್ಟಡ ಬೇಡ. ನರ್ಸಿನ ಒಂದಿಷ್ಟು ಸಮಯ ಬೇಕು, ಅದನ್ನು ಅವರ ಕೆಲಸದ ಲೆಕ್ಕಕ್ಕೆ ಹಿಡಿಯುವ ಮನಸ್ಸು ಬೇಕು. ಎರಡನೆಯದೇ ಕಷ್ಟ.

ಹಾಗಂತ ಎಲ್ಲವನ್ನೂ ಮನೆಯವರ ತಲೆಗೆ ಕಟ್ಟಿದರೂ ಆಗದು. ಲಕ್ವಾ ಹೊಡೆದವರಿಗೆ ಮನೆಯವರಿಂದಲೇ ವ್ಯಾಯಾಮ ಮಾಡಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಅಟೆಂಡ್ ಎಂಬ ಅಧ್ಯಯನ ನಡೆದು, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ ನೋಡಿದರೆ ತರಬೇತಿ ಪಡೆದ ಮನೆಗಳಿಗೂ ಎಂದಿನ ಚಿಕಿತ್ಸೆಯವರಿಗೂ ವ್ಯತ್ಯಾಸವಿರಲಿಲ್ಲ. ಎರಡೂ ಕಡೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿಯೇ ಉಳಿದವರು ಶೇ 47. ಇದನ್ನು ಓದಿದಾಗ ನನಗೆ ಒಂಥರಾ ಸಮಾಧಾನವೂ ಆಯಿತು. ಅತ್ತಿಗೆ ಫಿಸಿಯೋಥೆರಪಿಸ್ಟ್ ಅಲ್ಲ, ಆಗಬೇಕಾಗಿಯೂ ಇಲ್ಲ. ಹುಣ್ಣಾಗದಂತೆ, ಗಂಜಿ ಶ್ವಾಸಕೋಶಕ್ಕೆ ಇಳಿಯದಂತೆ ನೋಡಿಕೊಳ್ಳುವುದನ್ನು ಅವಳಿಗೆ ಕಲಿಸುವುದು ಬೇರೆ; ತಾಲ್ಲೂಕಿನಲ್ಲಿ ಥೆರಪಿಸ್ಟ್ ನೇಮಿಸದೆ ಆ ಕೆಲಸವನ್ನೂ ಅವಳಿಗೇ ಬಿಡುವುದು ಬೇರೆ. ಮೊದಲನೆಯದರ ಹೆಸರು ಹೇಳಿಕೊಂಡು ಸರ್ಕಾರಗಳು ಎರಡನೆಯದನ್ನು ಮಾಡಿಬಿಡಬಹುದು ಎಂಬ ಭಯ ನನಗಿದೆ.

ಜೊತೆಗಿರುವವರೂ ಮನುಷ್ಯರು ಎಂಬುದು ಈ ಊರಿಗೆ ಒಮ್ಮೆ ಹೊಳೆದಿತ್ತು. 2022ರ ಮೇ ತಿಂಗಳಲ್ಲಿ ತೆಲಂಗಾಣ ಸರ್ಕಾರ ಉಸ್ಮಾನಿಯಾ ಆಸ್ಪತ್ರೆಯಲ್ಲಿ ಚಾಲನೆ ಕೊಟ್ಟು, ನಗರದ 18 ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಕಡೆಯವರಿಗೆ 5 ರೂಪಾಯಿಗೆ ಊಟ ಕೊಡುವ ಯೋಜನೆ ತಂದಿತು. ಸಣ್ಣ ಕೆಲಸ ಅನಿಸಬಹುದು. ಪಾರ್ಕಿಂಗ್ ಗೋಡೆಗೆ ಒರಗಿ ಬಿಸ್ಕತ್ತಿನಲ್ಲಿ ಮಧ್ಯಾಹ್ನ ಕಳೆದವರಿಗೆ ಅದು ಸಣ್ಣದಲ್ಲ. ಕಾನೂನಿನಲ್ಲೂ ಒಂದು ಎಳೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ಮನೆಯವರನ್ನೂ ‘ಆರೈಕೆದಾರರು’ ಎಂದು ಗುರುತಿಸುತ್ತದೆ. ನಮ್ಮ ಬಿಲ್ಲಿನಲ್ಲಿ ಗ್ಲೌಸಿಗೂ ಸಿರಿಂಜಿಗೂ ಬೇರೆ ಬೇರೆ ಸಾಲು ಇತ್ತು. ಹದಿನೇಳು ರಾತ್ರಿ ಕೂತಿದ್ದವಳಿಗೆ ಕೇಸ್ ಶೀಟಿನಲ್ಲಿ ಒಂದು ಸಾಲೂ ಇರಲಿಲ್ಲ.

ಅವಳು ಎಂದೇ ಬರೆಯುತ್ತಿದ್ದೇನೆ, ಯಾಕೆಂದರೆ ಬಹುಪಾಲು ಅವಳೇ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಮಂದಿಯ ಆರೈಕೆಯಲ್ಲಿ ತೊಡಗುವ ಹೆಂಗಸರು ದಿನಕ್ಕೆ 134 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 76 ನಿಮಿಷ. ನಾನು ಲ್ಯಾಪ್‌ಟಾಪ್ ತೆರೆದುಕೊಂಡು ಆಸ್ಪತ್ರೆಯ ಕ್ಯಾಂಟೀನಿನಿಂದ ಮೀಟಿಂಗಿಗೆ ಸೇರಿದಾಗ ಟೀಮಿನವರು ‘ಗ್ರೇಟ್’ ಎಂದು ಬೆನ್ನು ತಟ್ಟಿದರು. ಅತ್ತಿಗೆ ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ಆರು ತಿಂಗಳ ಗಿರಾಕಿ ಕಳೆದುಕೊಂಡಳು. ಅವಳಿಗೆ ಯಾರೂ ಏನೂ ಅನ್ನಲಿಲ್ಲ, ಸೊಸೆ ಅಲ್ಲವೇ.

ಆಸ್ಪತ್ರೆಗಳು ಅಡ್ಮಿಷನ್ ದಿನವೇ ‘ಮನೆಗೆ ಹೋದ ಮೇಲೆ ನೋಡಿಕೊಳ್ಳುವವರು ಯಾರು’ ಎಂದು ಕೇಳಿ ಬರೆದುಕೊಳ್ಳಲಿ. ಪಾಸು ಅವರಿಗೆ ಹೆಚ್ಚಿಗೆ ಒಂದು ಕೊಡಲಿ. ಟ್ಯೂಬ್ ಫೀಡಿಂಗನ್ನೂ ಹೊರಳಿಸುವುದನ್ನೂ ಅವರು ಸಿಸ್ಟರ್ ಎದುರು ಎರಡು ಸಲ ಮಾಡಿ ತೋರಿಸಿದ ಮೇಲೇ ಡಿಸ್ಚಾರ್ಜ್ ಆಗಲಿ. ಗಡಿಯಾಚೆಯಿಂದ ಇಷ್ಟೊಂದು ಕನ್ನಡದ ರೋಗಿಗಳು ಬರುವ ಊರಿನಲ್ಲಿ ಒಂದು ಪುಟ ಕನ್ನಡದ ಸೂಚನೆ ಅಚ್ಚು ಹಾಕಿಸುವುದು ಭಾರವೇ? ಇನ್ನು ನಮ್ಮಂಥವರು, ಭಾಷೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮುಂದೆ ಹೋಗಿ ನಿಲ್ಲುವವರು, ಅವ್ವನನ್ನೋ ಅತ್ತಿಗೆಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು ದುಭಾಷಿಯಾದರೆ ಸಾಕು.

ಅಪ್ಪ ಈಗ ಕೋಲು ಹಿಡಿದು ಕಟ್ಟೆಯವರೆಗೆ ಹೋಗಿ ಕೂರುತ್ತಾನೆ, ಬಲಗೈ ಬರಲೇ ಇಲ್ಲ. ಮೊನ್ನೆ ಚೆಕಪ್ಪಿಗೆ ಕರೆತಂದಾಗ ಡಾಕ್ಟರು ಬಿ.ಪಿ. ಮಾತ್ರೆಯ ಬಗ್ಗೆ ನನ್ನನ್ನು ಕೇಳಿದರು. ನಾನು ಫೈಲ್ ನೋಡಿ ರಾತ್ರಿ ಒಂದು ಎಂದೆ. ‘ರಾತ್ರೀದು ಬಿಡಿಸಿ ಮೂರು ತಿಂಗಳಾತು, ರಾಯಚೂರಾಗ ಬದಲಿ ಮಾಡ್ಯಾರ’ ಎಂದಳು ಅತ್ತಿಗೆ. ಹೊರಗೆ ಬಂದವನೇ ಕೌಂಟರಿನಲ್ಲಿ, ಫೈಲಿನ ಅಟೆಂಡೆಂಟ್ ಕಾಲಮ್ಮಿನಲ್ಲಿ ನನ್ನ ಹೆಸರು, ನಂಬರ್ ತೆಗೆದು ಅವಳದ್ದನ್ನು ಹಾಕಿ ಎಂದೆ. ಹುಡುಗ ಎರಡು ಸಲ ಕ್ಲಿಕ್ ಮಾಡಿ ನೋಡಿದ. ರಿಜಿಸ್ಟ್ರೇಷನ್ ಆದಮೇಲೆ ಆ ಕಾಲಂ ಬದಲಿಸಲು ಬರುವುದಿಲ್ಲ, ಸಾಫ್ಟ್‌ವೇರ್ ತೆಗೆದುಕೊಳ್ಳುವುದಿಲ್ಲ ಸಾರ್ ಎಂದ.