ಗಾಲಿಮನೆಗಳ ಸಾರ್ಥ

ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಗಳ ತಯಾರಕನಾದ ಅಮೆರಿಕದ ವಾಲಿ ಬಯಾಮ್, 1951ರಲ್ಲಿ ಅಂತಹ 63 ಮನೆಗಳ ಸಾರ್ಥದೊಡನೆ ಮಧ್ಯ ಅಮೆರಿಕದತ್ತ ಹೊರಟನು. ದಾರಿಯ ಒರಟುತನಕ್ಕೆ ಸೋತು ಬಹುಮಂದಿ ಹಿಂದಿರುಗಿದರು. ಕೊನೆ ಮುಟ್ಟಿದವು ಕೇವಲ 14. ಬಯಾಮ್ ಎದೆಗುಂದಲಿಲ್ಲ. 1959ರಲ್ಲಿ 41 ಗಾಲಿಮನೆಗಳೊಡನೆ ಕೇಪ್‌ಟೌನಿನಿಂದ ಹೊರಟ ಅವನ ಸಾರ್ಥ ಮರುವರ್ಷ ಕೈರೋ ತಲುಪಿತು.

ಇಂತಹ ದೀರ್ಘಪಯಣಕ್ಕೆ ಬಿಡಿಭಾಗ, ನೀರು, ಇಂಧನ, ಔಷಧಗಳನ್ನು ಹೊಂದಿಸಿಕೊಳ್ಳುವುದು ಸುಲಭದ ಸಿದ್ಧತೆ. ಒಬ್ಬನ ಗಾಲಿ ಕೆಸರಿನಲ್ಲಿ ಹೂತಾಗ ಎಲ್ಲರೂ ಗೊಣಗದೆ ನಿಲ್ಲುವರೇ? ದಿನಕ್ಕೆಷ್ಟು ದೂರವೆಂದು ನಿರ್ಧರಿಸುವವರಾರು? ಕಾಯಿಲೆ ಬಿದ್ದವನೊಡನೆ ಹಿಂದುಳಿಯುವವರಾರು? ಕಷ್ಟದ ಸಿದ್ಧತೆ ಇದು. ಹೊರಡುವ ಮುನ್ನವೇ ಒಂದೆಡೆ ಕುಳಿತು ಇವಕ್ಕೆ ಒಮ್ಮತದ ಉತ್ತರ ಕಂಡುಕೊಂಡವರು ಜೊತೆಯಾಗಿಯೇ ಊರು ಸೇರುವರು.